ಹಳೇ ಕಾರು ಒಂದ್ಕಡೆ ವಾಲ್ಕೊಂಡಿದ್ಯಾ? ಸ್ಪ್ರಿಂಗ್ ತಗೊಳೋಕ್ ಮುಂಚೆ ಟೇಪ್ ಹಿಡೀರಿ

ನಮ್ಮನೇಲಿ ಇರೋದು 2004ರ ಮಾರುತಿ 800. ಅಪ್ಪ ತಗೊಂಡಿದ್ದು, ಈಗ ನನ್ ಕೈಲಿದೆ. ಹೋದ್ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಡ್ರೈವರ್ ಸೈಡ್ ಮುಂದ್ಗಡೆ ಸ್ವಲ್ಪ ಕೂತ್ಬಿಟ್ಟಿದೆ ಅನ್ನಿಸ್ತು. ಬೆರಳಿಟ್ಟು ನೋಡ್ದೆ, ಬಲಗಡೆ ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಎರಡು ಬೆರಳು ಹೋಗತ್ತೆ, ಎಡಗಡೆ ಮೂರು ಬೆರಳು ಆರಾಮಾಗಿ ಹೋಗತ್ತೆ. ಗ್ಯಾರೇಜಿಗೆ ತಗೊಂಡೋದ್ರೆ "ಶಾಕಬ್ಸರ್ ಹೋಗಿದೆ ಸಾರ್" ಅಂದ್ರು, ಮುಂದಿನ ಎರಡೂ ಬದ್ಲಾಯಿಸಿದ್ರು. ಮನೆಗ್ ಬಂದು ನೋಡಿದ್ರೆ ಅದೇ ಎರಡು, ಅದೇ ಮೂರು. ವಾಪಸ್ ಹೋದೆ, "ಹಂಗಾದ್ರೆ ಸ್ಪ್ರಿಂಗೇ" ಅಂದ್ರು, ಅದೂ ಆಯ್ತು. ಕೂತಿದ್ದು ಕೂತೇ ಇತ್ತು. ಕೊನೆಗೆ ತಪ್ಪು ಸಿಕ್ಕಿದ್ದು ಹಿಂದಿನ ಎಡಗಡೆ ಚಕ್ರದಲ್ಲಿ, ಅಂದ್ರೆ ಕೂತಿರೋ ಮೂಲೆಗೆ ಸರಿಯಾಗಿ ಅಡ್ಡಮೂಲೇಲಿ. ಅದಕ್ಕೇ ಇದನ್ನ ಬರೀತಿರೋದು, ಇದೇ ತಪ್ಪಿಗೆ ಇನ್ನೊಬ್ರು ದುಡ್ಡು ಸುರಿಯೋದು ಬೇಡ ಅಂತ.

ಮೊದಲು ಒಂದು ವಿಷ್ಯ ತಲೇಲಿ ಕೂರಿಸ್ಕೊಳಿ. ಕಾರ್ ಎತ್ತಿ ಹಿಡಿಯೋದು ಸ್ಪ್ರಿಂಗು, ಶಾಕಬ್ಸರ್ ಅಲ್ಲ. ಶಾಕಬ್ಸರ್ ಕೆಲ್ಸ ಸ್ಪ್ರಿಂಗ್ ಕುಣಿಯೋದನ್ನ ತಡಿಯೋದು ಅಷ್ಟೇ. ಅದು ಪೂರ್ತಿ ಸತ್ತೋಗಿದ್ರೆ ಹಂಪ್ ಹಾರಿದ್ಮೇಲೆ ಗಾಡಿ ಮೂರ್ನಾಲ್ಕು ಸಲ ಕುಣಿಯತ್ತೆ, ಆಯಿಲ್ ಸೋರಿರತ್ತೆ, ಟೈರ್ ಅಲ್ಲಲ್ಲಿ ತಟ್ಟೆ ತಟ್ಟೆಯಾಗಿ ಸವೆದಿರತ್ತೆ, ಆದ್ರೆ ನಿಂತಿರೋ ಗಾಡಿ ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಗ್ಯಾಸ್ ತುಂಬಿರೋದಾದ್ರೆ ಒಂಚೂರು ಮೇಲಕ್ಕೆ ತಳ್ಳತ್ತೆ ನಿಜ, ಆದ್ರೆ ಅದರಿಂದ ಒಂದು ಬೆರಳಿನಷ್ಟು ವ್ಯತ್ಯಾಸ ಬರಲ್ಲ. ಹಾಗಾಗಿ ವಾಲಿದೆ ಅಂತ ಹೇಳಿದ ತಕ್ಷಣ ಯಾರಾದ್ರೂ ಶಾಕಬ್ಸರ್ ಅಂದ್ರೆ ಅಲ್ಲೇ ಸ್ವಲ್ಪ ನಿಲ್ಲಿ.

ಎರಡನೇದು ಮಂಚದ ಲೆಕ್ಕ. ನಾಲ್ಕು ಕಾಲಿನ ಮಂಚದಲ್ಲಿ ಒಂದು ಕಾಲ ಕೆಳಗೆ ಮರದ ಚೂರು ಕೊಡಿ, ಏನಾಗತ್ತೆ? ಆ ಕಾಲಿನ ಮೇಲೂ ಅದರ ಅಡ್ಡಮೂಲೆ ಕಾಲಿನ ಮೇಲೂ ಭಾರ ಹೋಗತ್ತೆ, ಉಳಿದೆರಡು ಹಗುರ ಆಗಿ ಕುಂಟಕ್ಕೆ ಶುರುವಾಗತ್ತೆ. ಕಾರೂ ಹಂಗೇ, ಕಾಲಿನ ಜಾಗದಲ್ಲಿ ಸ್ಪ್ರಿಂಗ್ ಇರೋದ್ರಿಂದ ಕುಂಟೋ ಬದಲು ವಾಲತ್ತೆ. ನಾಲ್ಕೂ ಸ್ಪ್ರಿಂಗ್ ಸುಮಾರು ಒಂದೇ ಗಟ್ಟಿ ಅಂತ ಇಟ್ಕೊಂಡ್ರೆ, ಹಿಂದಿನ ಎಡಗಡೆ ಸ್ಪ್ರಿಂಗ್ ಯಾವ್ದೋ ಕಾರಣಕ್ಕೆ ಒಂದಿಂಚು ಎತ್ತರ ಆದ್ರೆ ಅಲ್ಲಿ ಬಾಡಿ ಏಳೋದು ಮುಕ್ಕಾಲಿಂಚು, ಮುಂದಿನ ಬಲಗಡೆ ಕಾಲಿಂಚು ಕೂರತ್ತೆ, ಉಳಿದೆರಡು ಮೂಲೆ ಕಾಲ್ಕಾಲಿಂಚು ಏಳತ್ತೆ. ಈಗ ಲೆಕ್ಕ ಹಾಕಿ ನೋಡಿ, ಮುಂದ್ಗಡೆ ಎಡಕ್ಕೂ ಬಲಕ್ಕೂ ಅರ್ಧ ಇಂಚು ವ್ಯತ್ಯಾಸ, ಹಿಂದ್ಗಡೇನೂ ಅರ್ಧ ಇಂಚೇ. ಬಾಡಿ ಒಂದೇ ತುಂಡಲ್ವಾ, ಮುಂದೆ ಎಷ್ಟು ವಾಲತ್ತೋ ಹಿಂದೇನೂ ಅಷ್ಟೇ ವಾಲ್ಬೇಕು. ಅಂದ್ರೆ ಸುಮ್ನೆ ನಿಂತ ಗಾಡಿ ಅಳತೆ ನೋಡಿ ತಪ್ಪು ಮುಂದಿದ್ಯೋ ಹಿಂದಿದ್ಯೋ ಅಂತ ಹೇಳೋಕೇ ಆಗಲ್ಲ. ನನ್ನ ಗಾಡೀಲಿ ಎಲ್ರೂ ಮುಂದಿಂದನ್ನೇ ನೋಡಿದ್ದು ಯಾಕಂದ್ರೆ ಅಲ್ಲಿ ಕಣ್ಣಿಗೆ ಬೀಳ್ತಿತ್ತು, ಅಷ್ಟೇ.

ಸರಿ, ಅಳತೆ ಮಾಡೋದು ಹೆಂಗೆ. ಮೊದಲು ನೆಲ. ರೋಡ್ ಪಕ್ಕ ನಿಲ್ಲಿಸಿ ಅಳೀಬೇಡಿ, ನೀರು ಹರಿದು ಹೋಗ್ಲಿ ಅಂತ ರೋಡನ್ನ ಅಂಚಿಗೆ ಇಳಿಜಾರು ಮಾಡಿರ್ತಾರೆ. ಮನೆ ಮುಂದಿನ ಸಿಮೆಂಟ್ ಜಾಗಾನೂ ಅಷ್ಟೇ, ಚರಂಡಿ ಕಡೆಗೆ ವಾಟ ಇರತ್ತೆ. ನಾನು ಪಕ್ಕದ ಬೀದಿಲಿ ಮನೆ ಕಟ್ತಿದ್ದ ಮೇಸ್ತ್ರಿ ಹತ್ರ ಲೆವೆಲ್ ಪೈಪ್ ಇಸ್ಕೊಂಡ್ ಬಂದೆ, ಅದೇ ನೀರು ತುಂಬಿರೋ ಬಿಳೀ ಪೈಪು, ನಾಲ್ಕು ಚಕ್ರ ನಿಲ್ಲೋ ಜಾಗಕ್ಕೂ ಹಿಡಿದು ನೋಡ್ದೆ, ಒಂದ್ಕಡೆ 9 ಮಿಲಿಮೀಟ್ರು ತಗ್ಗಿತ್ತು. ಅಲ್ಲಿಗೆ ಒಡೆದ ಟೈಲ್ಸ್ ಚೂರು ಕೊಟ್ಟು ಸರಿ ಮಾಡ್ಕೊಂಡೆ. ಪೈಪ್ ಸಿಗ್ಲಿಲ್ಲಾಂದ್ರೆ ಸುಲಭದ ದಾರಿ ಇದೆ, ಒಂದ್ಸಲ ಅಳೆದು, ಗಾಡಿ ತಿರುಗಿಸಿ ಮುಖ ಆಕಡೆ ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೀರಿ. ಎರಡ್ಸಲಾನೂ ಡ್ರೈವರ್ ಸೈಡೇ ತಗ್ಗಾದ್ರೆ ತಪ್ಪು ಗಾಡೀದು, ಒಂದ್ಸಲ ಡ್ರೈವರ್ ಸೈಡು ಇನ್ನೊಂದ್ಸಲ ಆಕಡೆ ಸೈಡು ಅಂತ ಬದ್ಲಾದ್ರೆ ನೆಲದ್ದು.

ಡಿಕ್ಕಿ ಖಾಲಿ ಮಾಡಿ. ನಮ್ಮದ್ರಲ್ಲಿ ಹಳೇ ಬ್ಯಾಟರಿ ಒಂದು, ಅರ್ಧ ಮೂಟೆ ಸಿಮೆಂಟು, ಅಮ್ಮನ ಗಿಡದ ಕುಂಡ ಇತ್ತು. ಪೆಟ್ರೋಲ್ ಎಷ್ಟಿದೆ ನೋಡ್ಕೊಳಿ, 800ದು 28 ಲೀಟ್ರು ಟ್ಯಾಂಕು, ಫುಲ್ ಆದ್ರೆ ಸುಮಾರು 20 ಕೆಜಿ, ದೊಡ್ಡ ವಿಷ್ಯ ಅಲ್ಲ ಆದ್ರೆ ಪ್ರತೀ ಸಲ ಅಳೆಯೋವಾಗ ಅಷ್ಟೇ ಇರ್ಲಿ. ನಾಲ್ಕೂ ಟೈರು ಒಂದೇ ಸೈಜಾ, ಸ್ಟೆಪ್ನಿ ಹಾಕ್ಕೊಂಡು ಮರ್ತಿದೀರಾ, ಒಂದ್ಕಡೆ ಹೊಸದು ಇನ್ನೊಂದ್ಕಡೆ ಬೋಳು ಇದ್ಯಾ ನೋಡಿ, ಹವಾ ಎಡಬಲ ಸಮ ಇರ್ಲಿ. ಇದೆಲ್ಲಾ ಹೇಳೋದೇ ಬೇಡ ಅನ್ಸತ್ತೆ, ಆದ್ರೆ ಅರ್ಧ ಕೇಸು ಇಲ್ಲೇ ಮುಗಿಯತ್ತೆ.

ಅಳೆಯೋದು ನೆಲದಿಂದ ಅಲ್ಲ, ಚಕ್ರದ ಸೆಂಟರಿಂದ ಮಡ್‌ಗಾರ್ಡ್ ಅಂಚಿಗೆ, ನೇರ ಮೇಲಕ್ಕೆ. ಹಂಗ್ ಅಳೆದ್ರೆ ಟೈರ್ ಎತ್ತರ ನೇರವಾಗಿ ಅಳತೇಲಿ ಸೇರಲ್ಲ, ಹೆಚ್ಚುಕಮ್ಮಿ ಸಸ್ಪೆನ್ಷನ್ ಮಾತ್ರ ಸಿಗತ್ತೆ. ವೀಲ್ ಕ್ಯಾಪ್ ತೆಗೆದು ಸೆಂಟರಿಗೆ ಚಾಕ್‌ಪೀಸಲ್ಲಿ ಗುರುತು ಹಾಕ್ಕೊಳಿ. ಅಳೆಯೋಕ್ ಮುಂಚೆ ಗಾಡೀನ ಒಂದು ಐದಾರು ಮೀಟ್ರು ಹಿಂದೆ ಮುಂದೆ ತಳ್ಳಿ, ನಾಲ್ಕೂ ಮೂಲೆ ಒತ್ತಿ ಕುಣಿಸಿ ಬಿಡಿ, ಹ್ಯಾಂಡ್‌ಬ್ರೇಕ್ ಹಾಕ್ಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ಜಾಕಿ ಹಾಕಿ ಇಳಿಸಿದ ತಕ್ಷಣ ಅಂತೂ ಅಳೀಲೇಬೇಡಿ, ಇಳಿಯೋವಾಗ ಟೈರು ಅಗಲಕ್ಕೆ ಸರೀಬೇಕು, ನೆಲ ಅದನ್ನ ಹಿಡ್ಕೊಂಡಿರತ್ತೆ, ಉರುಳಿಸೋವರ್ಗೂ ಗಾಡಿ ಸುಳ್ಳು ಎತ್ತರದಲ್ಲಿ ನಿಂತಿರತ್ತೆ. ಮೂರು ಸಲ ತಳ್ಳಿ ಮೂರು ಸಲ ಅಳೆದು ಬರೆದಿಟ್ಕೊಳಿ.

ನಂದು ಹಿಂಗ್ ಬಂತು, ಮಿಲಿಮೀಟ್ರಲ್ಲಿ: ಮುಂದೆ ಎಡ 334, ಬಲ 321. ಹಿಂದೆ ಎಡ 347, ಬಲ 335. ಮುಂದೆ 13, ಹಿಂದೆ 12 ವ್ಯತ್ಯಾಸ, ಎರಡೂ ಬಲಕ್ಕೇ. ಅದೇ ಅರ್ಧ ಇಂಚಿನ ಲೆಕ್ಕ. ಐದಾರು ಮಿಲಿಮೀಟ್ರು ಇದ್ರೆ ನಾನಂತೂ ತಲೆ ಕೆಡಿಸ್ಕೊಳಲ್ಲ, ಇಪ್ಪತ್ತು ವರ್ಷದ ಗಾಡಿ ಅದು, 10 ದಾಟಿದ್ರೆ ಹುಡುಕ್ಬೇಕು.

ಇಲ್ಲೊಂದು ಸೂಕ್ಷ್ಮ. ಮುಂದೆ 15 ವ್ಯತ್ಯಾಸ, ಹಿಂದೆ 1 ಅಂತ ಬಂದ್ರೆ ಏನೋ ಎಡವಟ್ಟಿದೆ ಅಂತಲೇ ಅರ್ಥ. ಒಂದೋ ನೆಲ ಸಮ ಇಲ್ಲ, ಇಲ್ಲಾ ಟೈರು ಬೇರೆ ಬೇರೆ, ಇಲ್ಲಾ ಯಾವತ್ತೋ ಗುದ್ದಿಸಿ ಟಿಂಕರಿಂಗ್ ಮಾಡ್ಸಿದಾಗ ಮಡ್‌ಗಾರ್ಡನ್ನೇ ಮೇಲೋ ಕೆಳಗೋ ಕೂರಿಸಿದಾರೆ. ಹಂಗಿದ್ರೆ ಮಡ್‌ಗಾರ್ಡ್ ನಂಬ್ಬೇಡಿ, ಕೆಳಗೆ ಬಾಡಿಲಿ ಎಡಬಲ ಒಂದೇ ಥರ ಇರೋ ತೂತೋ ಬೋಲ್ಟೋ ನೋಡಿ ಅಲ್ಲಿಂದ ನೆಲಕ್ಕೆ ಅಳೀರಿ. ನಮ್ಮ ಸ್ನೇಹಿತನ ಜೆನ್ ಕಾರು ಎರಡು ವರ್ಷ "ವಾಲ್ತಾ" ಇತ್ತು, ವಾಲಿದ್ದು ಬರೀ ಮಡ್‌ಗಾರ್ಡು.

ಈಗ ಮುಂದಿಂದಾ ಹಿಂದಿಂದಾ ಅಂತ ಬೇರೆ ಮಾಡೋ ಟೆಸ್ಟು, ಇದೊಂದು ಗೊತ್ತಿದ್ದಿದ್ರೆ ನನ್ನ ದುಡ್ಡು ಉಳೀತಿತ್ತು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಟ್ರಾಲಿ ಜಾಕನ್ನ ಮುಂದ್ಗಡೆ ಕ್ರಾಸ್ ಮೆಂಬರಿನ (ಗಾಡಿ ಕೆಳಗೆ ಅಡ್ಡಕ್ಕಿರೋ ಗಟ್ಟಿ ತೊಲೆ) ಸರಿಯಾಗಿ ಮಧ್ಯಕ್ಕೆ ಇಟ್ಟು, ಮಧ್ಯೆ ಚಿಕ್ಕ ಮರದ ತುಂಡು ಕೊಟ್ಟು, ಮುಂದಿನ ಟೈರು ನೆಲ ಬಿಡೋವಷ್ಟು ಮಾತ್ರ ಎತ್ತಿ. ಇಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಇಟ್ಬಿಟ್ಟೀರಾ ಹುಷಾರು. ಈಗ ಮುಂದ್ಗಡೆ ಗಾಡಿ ಒಂದೇ ಪಾಯಿಂಟಿನ ಮೇಲೆ ನಿಂತಿದೆ, ಎಡಕ್ಕೂ ಬಲಕ್ಕೂ ವಾಲೋದನ್ನ ನಿರ್ಧಾರ ಮಾಡೋದು ಬರೀ ಹಿಂದಿನ ಎರಡು ಸ್ಪ್ರಿಂಗು. ಹಿಂದ್ಗಡೆ ಒತ್ತಿ ಕುಣಿಸಿ ಅಳೀರಿ. ಎಡಬಲ ಸಮ ಬಂದ್ರೆ ಹಿಂದಿಂದು ಸರಿಯಾಗಿದೆ, ತಪ್ಪು ಮುಂದಿದೆ. ವ್ಯತ್ಯಾಸ ಹಂಗೇ ಇದ್ರೆ ಇಲ್ಲಾ ಜಾಸ್ತಿ ಆದ್ರೆ ತಪ್ಪು ಹಿಂದೆ. ಆಮೇಲೆ ಉಲ್ಟಾ ಮಾಡಿ, ಹಿಂದಿನ ಆಕ್ಸಲ್ ಮಧ್ಯಕ್ಕೆ ಜಾಕ್ ಕೊಟ್ಟು ಮುಂದಿನ ಅಳತೆ ನೋಡಿ. 800ರಲ್ಲಿ ಹಿಂದೆ ಒಂದೇ ಉದ್ದ ಆಕ್ಸಲ್ ಇರೋದ್ರಿಂದ ಇದು ಸಲೀಸು.

ನನ್ನ ಗಾಡೀಲಿ ಹಿಂದೆ ಎತ್ತಿದಾಗ ಮುಂದಿನ 13 ಇದ್ದಿದ್ದು 2ಕ್ಕೆ ಬಂತು. ಮುಂದೆ ಎತ್ತಿದಾಗ ಹಿಂದಿನ 12 ಇದ್ದಿದ್ದು 22 ಆಯ್ತು. ಅಂದ್ರೆ ಹೊಸಾ ಸ್ಪ್ರಿಂಗು ಹೊಸಾ ಶಾಕಬ್ಸರ್ ಹಾಕಿದ್ ಮುಂದ್ಗಡೆ ಏನೂ ಆಗಿರ್ಲೇ ಇಲ್ಲ, ಜಾಕ್ ಪಕ್ಕ ಕೂತ್ಕೊಂಡು ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಒಂದು ಮಾತು, ಈ ಟೆಸ್ಟ್ ಮಾಡೋವಾಗ ಯಾರೂ ಕಾರೊಳಗೆ ಕೂರೋದು ಬೇಡ, ಗಾಡಿ ಕೆಳಗೆ ತಲೆ ಕೈ ಹಾಕೋದಂತೂ ಬೇಡ್ವೇ ಬೇಡ, ಒಂದೇ ಪಾಯಿಂಟಿನ ಮೇಲೆ ನಿಂತಿರೋ ಗಾಡಿ ಅದು. ಕೆಳಗೆ ನುಗ್ಗಿ ನೋಡೋ ಕೆಲ್ಸ ಬಂದ್ರೆ ಜಾಕ್ ಸ್ಟ್ಯಾಂಡ್ ಹಾಕಿ. ಇಟ್ಟಿಗೆ, ಹಾಲೋ ಬ್ಲಾಕು ಜೋಡಿಸಿ ನಿಲ್ಲಿಸ್ತಾರಲ್ಲ, ಅದು ಕೈ ಕೊಡೋ ಹೊತ್ತಿಗೆ ಮುನ್ಸೂಚನೆ ಇಲ್ದೆ ಪುಡಿಯಾಗತ್ತೆ.

ಯಾವ ಕಡೆ ಅಂತ ಗೊತ್ತಾದ್ಮೇಲೆ ಅಲ್ಲಿ ಏನು ಅಂತ ಹುಡುಕೋದು. ಸ್ಪ್ರಿಂಗ್ ಸೆಟ್ ಆಗೋದು, ಅಂದ್ರೆ ಭಾರಕ್ಕೆ ಕೂತ್ಬಿಡೋದು ಸಹಜ, ಉಕ್ಕಿನ ಸ್ಪ್ರಿಂಗು ವಯಸ್ಸಾದಂಗೆ ಮೆತ್ತಗೇನೂ ಆಗಲ್ಲ, ಗಟ್ಟಿತನ ಅಷ್ಟೇ ಇರತ್ತೆ, ಉದ್ದ ಕಮ್ಮಿ ಆಗತ್ತೆ. ಸಾಮಾನ್ಯವಾಗಿ ಎಡಬಲ ಎರಡೂ ಒಟ್ಟಿಗೆ ಕೂರತ್ತೆ, ಒಬ್ರೇ ಓಡಿಸೋ ಗಾಡೀಲಿ ಡ್ರೈವರ್ ಸೈಡ್ ಒಂಚೂರು ಜಾಸ್ತಿ. ಒಂದೇ ಕಡೆ ಧಡಕ್ಕನೆ ಕೂತ್ರೆ ಮೊದಲು ಮುರಿದಿದ್ಯಾ ನೋಡಿ. ಮುರಿಯೋದು ಹೆಚ್ಚಾಗಿ ಕೊನೇ ಸುತ್ತು, ತಟ್ಟೆಯಲ್ಲಿ ಕೂರತ್ತಲ್ಲ ಅಲ್ಲಿ, ಅಲ್ಲಿ ಮಣ್ಣು ನೀರು ನಿಂತು ತುಕ್ಕು ಹಿಡಿಯೋದು. ಕೆಸರು ಮೆತ್ಕೊಂಡಿದ್ರೆ ಕಾಣಲ್ಲ, ನೀರ್ ಹೊಡ್ದು ತೊಳೆದು ಟಾರ್ಚ್ ಹಾಕಿ ಬೆರಳಾಡಿಸಿ ನೋಡಿ. ಮುಂದಿನದು ಮುರಿದಿದ್ರೆ ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಟಂಗ್ ಅಂತ ಸೌಂಡ್ ಬರ್ಬಹುದು.

ಸ್ಪ್ರಿಂಗ್ ಸರಿ ಇದ್ರೆ ಅದು ಕೂತಿರೋ ಜಾಗ. ಕೆಳಗಿನ ರಬ್ಬರ್ ಸೀಟು ಒಂದ್ಕಡೆ ಇದ್ದು ಇನ್ನೊಂದ್ಕಡೆ ಹಾಕೋದು ಮರ್ತಿದ್ರೂ ವ್ಯತ್ಯಾಸ ಬರತ್ತೆ. ಮುಂದ್ಗಡೆ ಬಾನೆಟ್ ಎತ್ತಿ ಎರಡೂ ಸ್ಟ್ರಟ್ ಮೌಂಟು (ಶಾಕಬ್ಸರ್ ಮೇಲ್ತುದಿ ಬಾಡಿಗೆ ಸೇರೋ ಜಾಗ) ಹೋಲಿಸಿ ನೋಡಿ, ಒಂದು ಮೇಲಕ್ಕೆ ಉಬ್ಬಿದ್ರೆ ರಬ್ಬರ್ ಹೋಗಿದೆ. ಅದರ ಸುತ್ತ ತಗಡು ಬಿರುಕು ಬಿಟ್ಟಿದ್ಯಾ, ಹಿಂದೆ ಸ್ಪ್ರಿಂಗ್ ಕೂರೋ ಮೇಲಿನ ಜಾಗ ತುಕ್ಕು ತಿಂದಿದ್ಯಾ ಅಂತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಗಟ್ಟಿ ಇದ್ರೆ ಠಣ್ ಅನ್ನತ್ತೆ, ತುಕ್ಕು ಹಿಡಿದಿದ್ರೆ ದಬ್ ಅಂತ ಸತ್ತ ಸೌಂಡು. ಕರಾವಳಿ ಕಡೆ ಓಡಾಡಿರೋ ಗಾಡಿಗಳಲ್ಲಿ ಇದನ್ನ ಮೊದಲೇ ನೋಡ್ಬಿಡಿ, ಬಾಡಿನೇ ಕುಸೀತಿದ್ರೆ ಸ್ಪ್ರಿಂಗ್ ಬದ್ಲಾಯಿಸಿ ಏನೂ ಪ್ರಯೋಜನ ಇಲ್ಲ, ವೆಲ್ಡಿಂಗೇ ಆಗ್ಬೇಕು.

ಬುಷ್, ಅಂದ್ರೆ ಸಸ್ಪೆನ್ಷನ್ ಕೀಲುಗಳ ಒಳಗಿರೋ ರಬ್ಬರು, ಅದರ ವಿಷ್ಯ ಯಾರೂ ಹೇಳಲ್ಲ. ರಬ್ಬರ್ ಬುಷ್ ಹೊಸದು ಹಾಕ್ದಾಗ ಗಾಡಿ ಲಿಫ್ಟ್ ಮೇಲೆ ಚಕ್ರ ನೇತಾಡ್ತಿರೋವಾಗಲೇ ಬೋಲ್ಟ್ ಟೈಟ್ ಮಾಡ್ಬಿಡ್ತಾರೆ. ಗಾಡಿ ಇಳಿಸಿದಾಗ ಆ ರಬ್ಬರು ತಿರುಚ್ಕೊಂಡು ಇನ್ನೊಂದು ಸ್ಪ್ರಿಂಗ್ ಥರ ಮೇಲಕ್ಕೆ ತಳ್ತಾ ಇರತ್ತೆ. ಒಂದೇ ಕಡೆ ಬುಷ್ ಹಾಕಿದ್ರಂತೂ ಆ ಕಡೆ ಎತ್ತರ, ಅಡ್ಡಮೂಲೆ ತಗ್ಗು, ಬುಷ್ಷೂ ಬೇಗ ಹರಿಯತ್ತೆ. ಪರೀಕ್ಷೆ ಸುಲಭ, ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರೋವಾಗ ಪಿಟ್ ಮೇಲೆ ಹಾಕಿಸಿ ಆ ಬೋಲ್ಟುಗಳನ್ನ ಸ್ವಲ್ಪ ಲೂಸ್ ಮಾಡಿ, ಗಾಡಿ ಕುಣಿಸಿ, ಅಳತೆ ನೋಡಿ, ಅಲ್ಲೇ ಟೈಟ್ ಮಾಡಿ.

ಮುಂದ್ಗಡೆ ಸ್ಟೆಬಿಲೈಜರ್ ರಾಡ್ (ಎಡಬಲ ಚಕ್ರದ ಸಸ್ಪೆನ್ಷನ್ ಜೋಡಿಸೋ ಕಂಬಿ) ಬೆಂಡ್ ಆಗಿದ್ರೂ ವಾಲತ್ತೆ. ಬೇರೆ ಗಾಡಿಗಳಲ್ಲಿ ಲಿಂಕ್ ಬಿಚ್ಚಿ ನೋಡಿದ್ರಾಯ್ತು, 800ರಲ್ಲಿ ಆ ರಾಡೇ ಲೋವರ್ ಆರ್ಮ್ (ಚಕ್ರವನ್ನ ಕೆಳಗಿಂದ ಹಿಡಿದಿರೋ ತೋಳು) ಹಿಂದೆ ಮುಂದೆ ಹೋಗದ ಹಾಗೆ ಹಿಡ್ಕೊಂಡಿರೋದು, ಅದನ್ನ ಬಿಚ್ಚಿ ಗಾಡಿ ಉರುಳಿಸ್ಬೇಡಿ.

ಇಷ್ಟೆಲ್ಲಾ ನೋಡಿಯೂ ಅನುಮಾನ ಇದ್ರೆ ತಪ್ಪಿರೋ ಕಡೆಯ, ಮುಂದಿಂದೋ ಹಿಂದಿಂದೋ, ಎರಡು ಸ್ಪ್ರಿಂಗನ್ನ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿಸಿ. ವಾಲೋದು ಆಕಡೆಗೆ ಹೋದ್ರೆ ಸ್ಪ್ರಿಂಗೇ, ಇದ್ದಲ್ಲೇ ಇದ್ರೆ ಸ್ಪ್ರಿಂಗ್ ಅಲ್ಲ. ಅರ್ಧ ದಿನದ ಲೇಬರ್ ಹೋಗತ್ತೆ ಆದ್ರೆ ಉತ್ತರ ಪಕ್ಕಾ. ಮುಂದಿನದಾದ್ರೆ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಟೂಲು) ಇಲ್ದೆ ಮನೇಲಿ ಕೈ ಹಾಕ್ಬೇಡಿ.

ನನ್ನ ಗಾಡಿಗೆ ಬರ್ತೀನಿ. ಹಿಂದಿನ ಎಡ ಚಕ್ರ ಬಿಚ್ಚಿ, ಬ್ರಷ್ಷಲ್ಲಿ ಕೆಸರು ಕೆರೆದ್ರೆ ಸ್ಪ್ರಿಂಗ್ ಸುತ್ತುಗಳ ಮಧ್ಯೆ ಏನೋ ಕಪ್ಪಗೆ ಉಂಡೆ ಥರ. ಮೊದಲು ಒಣಗಿದ ಮಣ್ಣು ಅಂದ್ಕೊಂಡು ಸ್ಕ್ರೂಡ್ರೈವರಲ್ಲಿ ಚುಚ್ಚಿದೆ, ಬೌನ್ಸ್ ಆಯ್ತು. ಸ್ಪ್ರಿಂಗ್ ಬಫರ್! ಅಂಗಡೀಲಿ ಸಿಗತ್ತಲ್ಲ, ಲೋಡ್ ಹಾಕಿದ್ರೆ ಹಿಂದೆ ಕೂರ್ಬಾರ್ದು ಅಂತ ಸುತ್ತಿನ ಮಧ್ಯೆ ತುರುಕೋ ರಬ್ಬರು. ಬಲಗಡೆ ನೋಡಿದ್ರೆ ಇಲ್ಲ, ಸ್ಪ್ರಿಂಗ್ ಮೇಲೆ ಎರಡು ಸುತ್ತಿನ ಪೇಂಟು ಮಾತ್ರ ಉಜ್ಜಿ ಹೋಗಿ ಹೊಳೀತಿತ್ತು. ಅಪ್ಪನ್ನ ಕೇಳಿದ್ರೆ ಆರಾಮಾಗಿ, "ಹೂಂ ಕಣೋ, ಎಲ್ಲರೂ ಧರ್ಮಸ್ಥಳಕ್ಕೆ ಹೋಗಿದ್ವಲ್ಲ ಆವಾಗ ಎರಡು ಹಾಕ್ಸಿದ್ದೆ, ಯಾಕೆ?" ಅಂದ್ರು. ಬಲಗಡೆದು ಹರಿದು ಚಾರ್ಮಾಡಿ ಘಾಟಲ್ಲೋ ನಮ್ಮೂರ್ ಗುಂಡಿಲೋ ಎಲ್ಲೋ ಬಿದ್ದೋಗಿದೆ, ಎಡಗಡೆದು ನಿಷ್ಠೆಯಿಂದ ಉಳ್ಕೊಂಡು ಹಿಂದಿನ ಎಡಗಡೆ ಎತ್ತಿ ಹಿಡ್ಕೊಂಡು ಮುಂದಿನ ಬಲಗಡೆ ಒತ್ತಿದೆ. ಅದನ್ನ ಕೊಯ್ದು ತೆಗೆದು, ತಳ್ಳಿ, ಕುಣಿಸಿ ಅಳೆದ್ರೆ ಮುಂದೆ 328, 327. ಹಿಂದೆ 328, 329.

ಸ್ಪ್ರಿಂಗೇ ಹೋಗಿದೆ ಅಂತಾದ್ರೆ ಜೋಡಿ ಹಾಕ್ಸಿ, ಒಂದೇ ಹಾಕ್ಸಿದ್ರೆ ಈಗ ಆಕಡೆ ವಾಲತ್ತೆ. ಹಳೇ ಕಾಯಿಲ್ ಸ್ಪ್ರಿಂಗನ್ನ ಕಾಯಿಸಿ ಎಳೆದು ಉದ್ದ ಮಾಡ್ಕೊಡ್ತೀವಿ ಅಂತಾರೆ ಕೆಲವ್ರು, ಬೇಡ, ಹದ ಹೋಗಿ ಕೆಲವೇ ತಿಂಗಳಲ್ಲಿ ಮತ್ತೆ ಕೂರತ್ತೆ ಇಲ್ಲಾ ಮುರಿಯತ್ತೆ. ಹೊಸದು ಹಾಕಿದ್ಮೇಲೆ ಒಂದಿನ್ನೂರು ಕಿಲೋಮೀಟ್ರು ಓಡ್ಸಿ ಮತ್ತೆ ಅಳೆದು ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡ್ಸಿ.

ಓಮ್ನಿ, ಪದ್ಮಿನಿ ಇರೋರಿಗೆ ಹಿಂದೆ ಬ್ಲೇಡು, ಅಂದ್ರೆ ಸುರುಳಿ ಬದಲು ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗು, ಜಿಪ್ಸಿಗೆ ನಾಲ್ಕೂ ಕಡೆ ಬ್ಲೇಡು. ಅಳತೆ, ಜಾಕ್ ಟೆಸ್ಟು ಎಲ್ಲಾ ಅದೇ, ಹುಡುಕೋದು ಮಾತ್ರ ಬೇರೆ: ಪಟ್ಟಿಗಳನ್ನ ಜೋಡಿಸೋ ಸೆಂಟರ್ ಬೋಲ್ಟ್ ಕಟ್ಟಾಗಿದ್ಯಾ, ತುದಿಯ ಶ್ಯಾಕಲ್ ಕೊಂಡಿಯ ಬುಷ್ ಸವೆದಿದ್ಯಾ, ಯಾವ್ದಾದ್ರೂ ಬ್ಲೇಡು ಬಿರುಕು ಬಿಟ್ಟಿದ್ಯಾ. ಬ್ಲೇಡನ್ನ ಬಡಿದು ಕಮಾನು ಮತ್ತೆ ಕೂರಿಸೋರು ಲಾರಿ ಸ್ಟ್ಯಾಂಡುಗಳ ಹತ್ರ ಇನ್ನೂ ಇದಾರೆ, ಅದು ಒಳ್ಳೇ ಕೆಲ್ಸಗಾರರ ಕೈಲಿ ಆದ್ರೆ ತಡಿಯತ್ತೆ. ಹಳೇ ಅಂಬಾಸಿಡರ್ ಆದ್ರೆ ಮುಂದೆ ಕಾಯಿಲ್ ಸ್ಪ್ರಿಂಗೇ ಇಲ್ಲ, ಉದ್ದಕ್ಕೆ ಟಾರ್ಷನ್ ಬಾರ್ (ತಿರುಚ್ಕೊಂಡು ಸ್ಪ್ರಿಂಗ್ ಕೆಲ್ಸ ಮಾಡೋ ಕಂಬಿ) ಇರತ್ತೆ, ಅದರ ಹಿಂದಿನ ತುದಿ ಹಿಡ್ಕೊಂಡಿರೋ ಲಿವರಲ್ಲಿ ಎತ್ತರ ಅಡ್ಜಸ್ಟ್ ಮಾಡ್ಬಹುದು, ಆದ್ರೆ ಅದಕ್ಕೂ ಮುಂಚೆ ಹಿಂದಿನ ಬ್ಲೇಡ್ ನೋಡಿ, ಇಲ್ಲಾಂದ್ರೆ ಹಿಂದಿನ ತಪ್ಪನ್ನ ಮುಂದೆ ತಿರುಗಿಸಿ ಮುಚ್ಚಿದಂಗೆ ಆಗತ್ತೆ, ನೋಡಕ್ಕೆ ನೆಟ್ಟಗಿರತ್ತೆ, ಭಾರ ಮಾತ್ರ ಅಡ್ಡಮೂಲೇಲೇ ಉಳಿಯತ್ತೆ, ಮಳೇಲಿ ಬ್ರೇಕ್ ಹಿಡಿದಾಗ ಒಂದ್ಕಡೆ ಎಳೆಯತ್ತೆ.

ನನ್ನ ಗಾಡಿಯ ಹಳೇ ಮುಂದಿನ ಶಾಕಬ್ಸರ್ ಎರಡನ್ನೂ ಗ್ಯಾರೇಜಿಂದ ವಾಪಸ್ ಇಸ್ಕೊಂಡ್ ಬಂದಿದ್ದೆ. ಮೊನ್ನೆ ತೆಗೆದು ಕೈಯಲ್ಲಿ ಎಳೆದು ಒತ್ತಿ ನೋಡ್ದೆ, ಎರಡೂ ಬಿಗಿಯಾಗಿವೆ, ಒಂದು ಹನಿ ಆಯಿಲ್ ಲೀಕ್ ಇಲ್ಲ. ಅಟ್ಟದ ಮೇಲಿಟ್ಟಿದೀನಿ.